ಎದ್ದು ಬಂದ ಲೇಪನ: ಧಾರವಾಡದ ಒಂದು ಏರ್ ರೈಫಲ್‌ನ ಪ್ರಕರಣ ಅಧ್ಯಯನ

ನಮ್ಮ ಮನೆಯಲ್ಲಿ ಒಂದು ಏರ್ ರೈಫಲ್ ಇದೆ. ಅಪ್ಪ ತಂದದ್ದು. 4.5 ಮಿಲಿಮೀಟರ್ ಬೋರು, ಅಂದರೆ ನಳಿಗೆಯ ಒಳವ್ಯಾಸ; ನಳಿಗೆ ಮಡಚಿ ಸ್ಪ್ರಿಂಗ್ ಏರಿಸಿ ಪೆಲೆಟ್ ಎಂಬ ಸಣ್ಣ ಗುಂಡು ಹಾಕುವ ಹಳೆಯ ಮಾದರಿ. ಮಹಾನವಮಿಗೆ ಕುಡಗೋಲು, ಕೊಡಲಿ, ಸ್ಕೂಟರ್ ಜೊತೆ ಅದಕ್ಕೂ ಪೂಜೆ ಆಗುತ್ತದೆ. 2023ರ ಮಹಾನವಮಿಯಲ್ಲೂ ಅವ್ವ ಒದ್ದೆ ವಿಭೂತಿ ಅದ್ದಿ ನಳಿಗೆಯ ಮೇಲೆ ಮೂರು ಬೆರಳು ಎಳೆದಳು. ಪೂಜೆ ಮುಗಿದ ಮೇಲೆ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆವು. ವಿಭೂತಿ ಒರೆಸಲಿಲ್ಲ.

2024ರ ಜುಲೈನಲ್ಲಿ ಬಿಚ್ಚಿದಾಗ ಆ ಮೂರು ಗೆರೆ ಹಾಗೇ ಇದ್ದವು. ಆದರೆ ಬಿಳಿ ಹೋಗಿ ಕೆಂಪಾಗಿದ್ದವು. ಉಗುರಿನಿಂದ ಕೆರೆದರೆ ಜಂಗು ಪುಡಿಯಾಗಿ ಉದುರಿತು. ಕೆಳಗೆ ಸಣ್ಣ ಸಣ್ಣ ಗುಳಿಗಳು, ರವೆಯ ಕಾಳಿನಷ್ಟು. ಒದ್ದೆ ಬೂದಿ ನೀರನ್ನು ಹಿಡಿದಿಟ್ಟುಕೊಂಡಿತ್ತು, ಸುತ್ತಿದ ಬಟ್ಟೆ ಅದನ್ನು ಆರಲು ಬಿಟ್ಟಿರಲಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಿದ್ದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುತ್ತದೆ.

ಈ ಬಂದೂಕಿಗೆ ಮನೆಯಲ್ಲೇ ಸೆರಾಮಿಕ್ ಲೇಪನ ಹಾಕಲು ನಾನು ಕಲಿತೆ. ಮೊದಲ ಸಲ ಹಾಕಿದ ಲೇಪನ ಮೂರೇ ವಾರದಲ್ಲಿ ಎದ್ದು ಬಂತು. ಅದು ಯಾಕೆ ಎದ್ದಿತು, ಹೇಗೆ ಗೊತ್ತಾಯಿತು, ಎರಡನೇ ಸಲ ಏನು ಬದಲಾಯಿಸಿದೆ ಎಂಬುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹಿತ್ತಲಲ್ಲಿ ಕೆಲಸ ಮಾಡುವವರಿಗೆ ಇದು ಬೇಕಾಗುತ್ತದೆ ಅನ್ನೋದು ನನ್ನ ನಂಬಿಕೆ.

ಮೊದಲು ಕಾನೂನಿನ ಮಾತು. ಗುಂಡು ಹೊರಬೀಳುವ ಶಕ್ತಿ 20 ಜೂಲ್ ಮೀರದ, 4.5 ಮಿಲಿಮೀಟರ್ ಬೋರಿನ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಹಾಗಾಗಿಯೇ ಅದನ್ನು ಮನೆಯಲ್ಲಿ ಬಿಚ್ಚಿದೆ. ಸಿಡಿಮದ್ದಿನ ಬಂದೂಕಿನ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಬಂದೂಕು ತಯಾರಿಸುವ, ಮಾರುವ ಕೆಲಸದ ಜೊತೆಗೆ ರಿಪೇರಿಯನ್ನೂ ಲೈಸೆನ್ಸ್ ಇರುವವರಿಗೆ ಮಾತ್ರ ಬಿಟ್ಟಿದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ಅದು ನಮ್ಮ ಮಾವನಿಂದಾಗಿ ಎದುರಾಯಿತು.

ಸೆರಾಮಿಕ್ಕೇ ಯಾಕೆ

ಬಂದೂಕಿನ ಕಬ್ಬಿಣ ಹುಟ್ಟಿನಿಂದ ಕಪ್ಪಲ್ಲ. ಆ ನೀಲಿಗಪ್ಪು ಬಣ್ಣಕ್ಕೆ ಬ್ಲೂಯಿಂಗ್ ಅಂತಾರೆ. ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ, ಕಬ್ಬಿಣದ ಮೇಲ್ಮೈಯನ್ನೇ ಕಪ್ಪು ಆಕ್ಸೈಡ್ ಮಾಡುವ ಕೆಲಸ ಅದು. ಅಂದರೆ ಅದೂ ಒಂದು ಬಗೆಯ ತುಕ್ಕೇ, ಆದರೆ ಹದದಲ್ಲಿ ನಿಲ್ಲಿಸಿದ ತುಕ್ಕು. ನೋಡಲು ಬಹಳ ಚೆಂದ. ಆದರೆ ಅದು ತಾನಾಗಿಯೇ ನೀರನ್ನು ತಡೆಯುವುದಿಲ್ಲ. ಅದರೊಳಗೆ ಎಣ್ಣೆ ಇಂಗಿರಬೇಕು. ಎಣ್ಣೆ ಆರಿದರೆ ಬಯಲುಸೀಮೆಯಲ್ಲಿ ಹೇಗೋ ನಡೆಯುತ್ತದೆ, ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ಕಡೆ ನಡೆಯುವುದಿಲ್ಲ.

ಸೆರಾಮಿಕ್ ಲೇಪನ ಹಾಗಲ್ಲ. ಅದು ಪಾಲಿಮರ್ ಮತ್ತು ಅತಿ ಸಣ್ಣ ಸೆರಾಮಿಕ್ ಕಣಗಳ ತೆಳುವಾದ ಪದರ. ಸುಮಾರು 25 ಮೈಕ್ರಾನ್, ತಲೆಗೂದಲಿನ ದಪ್ಪದ ಅರ್ಧವೂ ಇಲ್ಲ. ಸರಿಯಾಗಿ ಕೂತರೆ ನೀರು, ಬೆವರು, ಎಣ್ಣೆ ಯಾವುದೂ ಒಳಗೆ ಹೋಗುವುದಿಲ್ಲ. ಬಂದೂಕಿನ ಲೋಕದಲ್ಲಿ ಹೆಚ್ಚು ಕೇಳಿಬರುವ ಹೆಸರು ಅಮೆರಿಕದ ಸೆರಾಕೋಟ್. ಅದರಲ್ಲಿ ಒಲೆಯಲ್ಲಿ ಬೇಯಿಸುವ ಬಗೆ ಒಂದು, ಗಾಳಿಯಲ್ಲೇ ಐದು ದಿನ ಬಿಟ್ಟು ಹದಗೊಳಿಸುವ ಬಗೆ ಇನ್ನೊಂದು. ನಾನು ಆರಿಸಿದ್ದು ಬೇಯಿಸುವ ಬಗೆಯನ್ನು. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ತಾಸು.

ಕೇಳಲು ಸುಲಭ ಅನ್ನಿಸುತ್ತದೆ. ಬಣ್ಣ ಹೊಡೆದು ಬೇಯಿಸಿದರೆ ಮುಗಿಯಿತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ಪ್ರಯತ್ನ, 2024ರ ಆಗಸ್ಟ್

ಬಂದೂಕು ಬಿಚ್ಚುವುದರಲ್ಲಿ ಅಪಾಯ ಇರುವುದು ಸ್ಪ್ರಿಂಗ್‌ನಲ್ಲಿ. ಬಂದೂಕು ಖಾಲಿ ಇದ್ದಾಗಲೂ ಮುಖ್ಯ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ. ಹಿಂದಿನ ಮುಚ್ಚಳ ಸಡಿಲಾದ ಕೂಡಲೇ ಅದು ಎದೆಗೆ ಹಾರಬಹುದು. ಬಡಿಗರು ಬಳಸುವ ಉದ್ದನೆಯ ಕ್ಲಾಂಪಿಗೆ ಕಟ್ಟಿಗೆ ತುಂಡು ಕೂಡಿಸಿ, ಅದರಲ್ಲಿ ಬಂದೂಕನ್ನು ಹಿಡಿಸಿ, ಪಿನ್ ತೆಗೆದು, ಒಂದೊಂದೇ ಸುತ್ತು ಸಡಿಲಿಸಿದೆ. ಅರ್ಧ ತಾಸು ಹಿಡಿಯಿತು. ಅವಸರ ಮಾಡುವ ಜಾಗ ಅಲ್ಲ ಅದು.

ಹೊರಗೆ ಕಾಣುವ ಭಾಗಗಳು ನಾಲ್ಕು: ನಳಿಗೆ, ಗಾಳಿ ಕೊಳವೆ, ಮಡಚುವ ತೋಳು, ಟ್ರಿಗರ್ ಗಾರ್ಡ್. ಪಿಸ್ಟನ್, ಸ್ಪ್ರಿಂಗ್, ಸೀಲು, ಟ್ರಿಗರ್‌ನ ಒಳಗಿನ ಕೊಕ್ಕೆಗಳಿಗೆ ಲೇಪನ ಹಾಕಬಾರದು. ನಳಿಗೆಯ ಒಳಗೂ ಹೋಗಬಾರದು.

ಪೆಟ್ರೋಲಿನಲ್ಲಿ ತೊಳೆದೆ. ಆಮೇಲೆ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿದೆ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಎಣ್ಣೆ ಹೋಯಿತು ಅಂದುಕೊಂಡೆ. ಮರುದಿನ ಹುಬ್ಬಳ್ಳಿಯ ತಾರಿಹಾಳದಲ್ಲಿ ಪರಿಚಯದವರ ವರ್ಕ್‌ಶಾಪಿನಲ್ಲಿ ಬ್ಲಾಸ್ಟಿಂಗ್ ಮಾಡಿಸಿದೆ, ಅಂದರೆ ಗಾಳಿಯ ರಭಸದಲ್ಲಿ ಗಟ್ಟಿ ಪುಡಿ ಹೊಡೆದು ಮೇಲ್ಮೈ ಕೆರೆಸಿದೆ. ನದಿ ಮರಳು ಬೇಡ, ಅಲ್ಯೂಮಿನಿಯಂ ಆಕ್ಸೈಡ್ ಪುಡಿಯೇ ಬೇಕು ಎಂದು ಹಟ ಹಿಡಿದೆ. ಮರಳಿನ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಒಂದು ಬಂದೂಕಿನ ಅಂದಕ್ಕಾಗಿ ಇನ್ನೊಬ್ಬರ ಉಸಿರು ಕೆಡಿಸುವುದು ನನಗೆ ಬೇಡ.

ಬ್ಲಾಸ್ಟಿಂಗ್ ಆದ ಕಬ್ಬಿಣ ನೋಡಬೇಕು ನೀವು. ಬೂದುಬಣ್ಣ, ಮಂಕು, ಹೂವಿನ ಎಸಳಿನಂತೆ ಮೃದು. ಆದರೆ ಅದರಷ್ಟು ಬೇಗ ಜಂಗು ಹಿಡಿಯುವ ವಸ್ತು ಇನ್ನೊಂದಿಲ್ಲ. ಅದನ್ನು ಮನೆಯ ಹಳೆ ಬಟ್ಟೆಯಲ್ಲಿ ಸುತ್ತಿ, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ತಂದೆ. ಹೊರಗೆ ಮಳೆ. ಮನೆಗೆ ಬಂದು ಬಿಚ್ಚುವ ಹೊತ್ತಿಗೆ ಅಂಚುಗಳಲ್ಲಿ ತೆಳು ಕಿತ್ತಳೆ ಛಾಯೆ. ಸುಮ್ನೆ ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ ಮುಂದುವರಿದೆ.

ಒಲೆಯನ್ನು ನಾನೇ ಕಟ್ಟಿದ್ದೆ. ಗುಜರಿಯಿಂದ ತಂದ ಎತ್ತರದ ಕಬ್ಬಿಣದ ಲಾಕರ್, ಒಳಗೆ ಸುತ್ತಲೂ ಬಿಸಿ ಹಿಡಿದಿಡುವ ರಾಕ್‌ವುಲ್, ಹಿಂಬದಿಯ ಮೇಲರ್ಧದಲ್ಲಿ 1000 ವ್ಯಾಟಿನ ಎರಡು ಕಾಯಿಲ್, ಒಂದು ತಾಪಮಾನ ನಿಯಂತ್ರಕ. ಅಡುಗೆಯ ಒಲೆ ಇದಕ್ಕೆ ಬಳಸಬಾರದು. ಒಮ್ಮೆ ಈ ಕೆಲಸಕ್ಕೆ ಬಳಸಿದ ಒಲೆಯಲ್ಲಿ ಮತ್ತೆ ಅಡುಗೆ ಮಾಡಲೂಬಾರದು.

ಲೇಪನದ ದ್ರವ 36 ಮಿಲಿಲೀಟರ್, ಗಟ್ಟಿಕಾರಕ 2 ಮಿಲಿಲೀಟರ್. ಹದಿನೆಂಟಕ್ಕೆ ಒಂದು. ಬಾಟಲಿಯನ್ನು ಬಹಳ ಹೊತ್ತು ಅಲುಗಾಡಿಸಬೇಕು, ಸೆರಾಮಿಕ್ ಕಣಗಳು ತಳದಲ್ಲಿ ಕೆಸರಿನಂತೆ ಕೂತಿರುತ್ತವೆ. ಸಣ್ಣ ಜಾಲರಿಯಲ್ಲಿ ಸೋಸಿ, 0.8 ಮಿಲಿಮೀಟರ್ ಮೂತಿಯ ಸಣ್ಣ ಸ್ಪ್ರೇ ಗನ್ನಿನಲ್ಲಿ ಹೊಡೆದೆ. ಬೇಯಿಸಿದೆ. ಮರುದಿನ ಬೆಳಿಗ್ಗೆ ತೆಗೆದರೆ ಮಟ್ಟಸವಾದ ಕಪ್ಪು. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಬಹಳ ಖುಷಿಯಾಯಿತು.

ಮೂರು ವಾರದ ನಂತರ

ಗಾಳಿ ಕೊಳವೆಯ ಮುಂದಿನ ತುದಿಯಲ್ಲಿ ನಳಿಗೆಯನ್ನು ಹಿಡಿಯುವ ಕವೆ ಇದೆ. ಬಂದೂಕು ಮಡಚಿದಾಗ ನಳಿಗೆ ತಿರುಗುವುದು ಅಲ್ಲೇ. ಆ ಕವೆಯ ಬುಡದಲ್ಲಿ ಲೇಪನ ಉಬ್ಬಿತ್ತು. ಹೆಬ್ಬೆರಳಿನಿಂದ ತಿಕ್ಕಿದಾಗ ಈರುಳ್ಳಿ ಸಿಪ್ಪೆಯಂತೆ ಒಂದು ಚೂರು ಎದ್ದು ಬಂತು.

ಮೊದಲು ಅನುಮಾನ ಹೋದದ್ದು ಮಾಲಿನ ಮೇಲೆ. ಹಳೆಯ ಸ್ಟಾಕ್ ಕೊಟ್ಟಿರಬೇಕು ಅಂದುಕೊಂಡೆ. ಆ ದಿನವೇ ಅಂಗಡಿಗೆ ಫೋನ್ ಮಾಡಿ ಜಗಳ ಆಡದೇ ಇದ್ದದ್ದು ಒಳ್ಳೆಯದಾಯಿತು. ಯಾಕೆಂದರೆ ಎದ್ದ ಚೂರನ್ನು ತಿರುಗಿಸಿ ನೋಡಿದಾಗ ಅದರ ಹಿಂಬದಿ ಕಂದು ಬಣ್ಣಕ್ಕಿತ್ತು. ಬಿಳಿ ಟಿಶ್ಯೂ ಕಾಗದಕ್ಕೆ ಒತ್ತಿದರೆ ಕಾಗದದ ಮೇಲೆ ಪಾರದರ್ಶಕ ಕಲೆ ಬಿತ್ತು. ಮಿರ್ಚಿ ಕಟ್ಟಿದ ಕಾಗದದ ಮೇಲೆ ಬೀಳುವ ಹಾಗೆ. ಅದು ಎಣ್ಣೆ.

ಎಣ್ಣೆ ಎಲ್ಲಿಂದ ಬಂತು? ನಾನು ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿದ್ದೆನಲ್ಲ. ಕವೆಯನ್ನೂ ಕೊಳವೆಯನ್ನೂ ಒಂದೇ ತುಂಡಿನಿಂದ ಮಾಡಿರುವುದಿಲ್ಲ, ಎರಡನ್ನು ಬೆಸೆದಿರುತ್ತಾರೆ. ಆ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯ ಸಂದು ಉಳಿದಿರುತ್ತದೆ. ಎಷ್ಟೋ ವರ್ಷದಿಂದ ಹಾಕಿದ ಎಣ್ಣೆ ಆ ಸಂದಿನಲ್ಲಿ ಇಂಗಿ ಕೂತಿತ್ತು. ತಣ್ಣಗಿರುವಾಗ ಅದು ಹೊರಗೆ ಬರುವುದಿಲ್ಲ, ಎಷ್ಟು ಒರೆಸಿದರೂ ಸಿಗುವುದಿಲ್ಲ. ಒಲೆಯಲ್ಲಿ ಕಬ್ಬಿಣ ಬಿಸಿಯಾದಾಗ ಎಣ್ಣೆ ತೆಳುವಾಗಿ, ಹಿಗ್ಗಿ, ಹೊರಗೆ ಜಾರಿತು. ಅಷ್ಟೊತ್ತಿಗೆ ಮೇಲೆ ಹಸಿ ಲೇಪನ ಇತ್ತು. ಹಾಗಾಗಿ ಲೇಪನ ಕಬ್ಬಿಣದ ಮೇಲೆ ಕೂರಲಿಲ್ಲ, ಎಣ್ಣೆಯ ಮೇಲೆ ಕೂತಿತು. ದೋಸೆ ಹೆಂಚಿಗೆ ಎಣ್ಣೆ ಸವರಿದರೆ ದೋಸೆ ಏಳುತ್ತದಲ್ಲ, ಅದೇ ಕೆಲಸ ಇಲ್ಲೂ ಆಗಿತ್ತು.

ಇದು ಗೊತ್ತಾದ ಮೇಲೆ ಉಳಿದ ಭಾಗಗಳನ್ನೂ ಭೂತಗನ್ನಡಿ ಹಿಡಿದು ನೋಡಿದೆ. ನಳಿಗೆಯ ನಡುವೆ ಸೂಜಿಮೊನೆಯಷ್ಟು ಗುಂಡು ಗುಂಡು ತೂತುಗಳು. ಅಲ್ಲಿ ಎಣ್ಣೆ ಇರಲಿಲ್ಲ. ಸ್ಪ್ರೇ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್‌ನ ಟ್ಯಾಂಕಿನ ತಳದ ಕೀಲಿ ತಿರುಗಿಸಿದಾಗ ಅರ್ಧ ಲೋಟ ಕಂದು ನೀರು ಬಂತು. ಮಳೆಗಾಲದ ಗಾಳಿಯನ್ನು ಒತ್ತಿದರೆ ಅದರಲ್ಲಿನ ತೇವ ನೀರಾಗಿ ಇಳಿಯುತ್ತದೆ. ಅದೇ ನೀರು ಹನಿಹನಿಯಾಗಿ ಸ್ಪ್ರೇ ಗನ್ನಿನ ಮೂಲಕ ಲೇಪನಕ್ಕೆ ಹೋಗಿತ್ತು.

ನಳಿಗೆಯ ತುದಿಯಲ್ಲಿ ಮೂರನೇ ತೊಂದರೆ ಸಿಕ್ಕಿತು. ಅಸಿಟೋನ್ ಅದ್ದಿದ ಹತ್ತಿಯಿಂದ ಹತ್ತಿಪ್ಪತ್ತು ಸಲ ಉಜ್ಜಿದೆ. ಪೂರ್ತಿ ಬೆಂದ ಲೇಪನ ಅಸಿಟೋನ್‌ಗೆ ಜಗ್ಗಬಾರದು. ಗಾಳಿ ಕೊಳವೆಯ ಮೇಲೆ ಹತ್ತಿ ಬೆಳ್ಳಗೇ ಉಳಿಯಿತು. ನಳಿಗೆಯ ತುದಿಯಲ್ಲಿ ಕಪ್ಪಾಯಿತು, ಬೆರಳಿಗೆ ಅಂಟು ಅಂಟು. ನಳಿಗೆಯನ್ನು ತುದಿ ಕೆಳಗೆ ಮಾಡಿ ನೇತುಹಾಕಿದ್ದೆ. ಬಿಸಿ ಗಾಳಿ ಮೇಲೆ ನಿಲ್ಲುತ್ತದೆ. ಸೆನ್ಸರನ್ನೂ ಮೇಲೇ ಇಟ್ಟಿದ್ದೆ. ಅದು 121 ತೋರಿಸುವಾಗ ಕೆಳಗಿನ ತುದಿ ಇನ್ನೂ ಬೇಯುವ ಬಿಸಿ ಮುಟ್ಟಿರಲಿಲ್ಲ.

ಮೂರೂ ಕಡೆ ತಪ್ಪು ನನ್ನದೇ. ಮಾಲಿನಲ್ಲಿ ಏನೂ ದೋಷ ಇರಲಿಲ್ಲ. ಒಂದೇ ಬಂದೂಕಿನ ಮೇಲೆ ಮೂರು ಬಗೆಯ ಸೋಲು, ಮೂರಕ್ಕೂ ಬೇರೆ ಬೇರೆ ಗುರುತು: ಎಣ್ಣೆ ಇದ್ದಲ್ಲಿ ಸಿಪ್ಪೆ, ನೀರು ಇದ್ದಲ್ಲಿ ತೂತು, ಬೇಯದೇ ಇದ್ದಲ್ಲಿ ಅಂಟು.

ಎರಡನೇ ಪ್ರಯತ್ನ, 2025ರ ಫೆಬ್ರವರಿ

ಮಳೆ, ಚಳಿ ಎರಡೂ ಮುಗಿಯಲಿ ಎಂದು ಕಾದೆ. ಫೆಬ್ರವರಿಯಲ್ಲಿ ಧಾರವಾಡದ ಗಾಳಿ ಒಣಗಿರುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಹಳೆಯ ಲೇಪನವನ್ನು ಬ್ಲಾಸ್ಟಿಂಗ್‌ನಲ್ಲೇ ತೆಗೆಸಿದೆ. ಆಮೇಲೆ ಭಾಗಗಳನ್ನು ಒರೆಸುವ ಬದಲು ಮುಚ್ಚಳ ಇರುವ ಕಬ್ಬಿಣದ ತೊಟ್ಟಿಯಲ್ಲಿ ಅಸಿಟೋನ್‌ನಲ್ಲಿ ಒಂದು ತಾಸು ಮುಳುಗಿಸಿಟ್ಟೆ. ಪಿವಿಸಿ ಪೈಪಿನಲ್ಲಿ ಇಡಬೇಡಿ, ಅಸಿಟೋನ್ ಅದನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಹಿತ್ತಲಲ್ಲೇ ಮಾಡಿದೆ, ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಇರದ ಹಾಗೆ. ಅದರ ಆವಿ ನೆಲದ ಮೇಲೇ ಹರಿದು ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ.

ಇಲ್ಲಿಂದ ಮುಂದಿನದೇ ಈ ಪ್ರಕರಣದ ಮುಖ್ಯ ಭಾಗ. ಲೇಪನ ಹಾಕುವ ಮೊದಲೇ ಬರೀ ಕಬ್ಬಿಣವನ್ನು ಒಲೆಯಲ್ಲಿ ನೇತುಹಾಕಿ 150 ಡಿಗ್ರಿಯಲ್ಲಿ ಒಂದು ತಾಸು ಬಿಟ್ಟೆ. ಲೇಪನ ಬೇಯುವ ಬಿಸಿಗಿಂತ ಇದು ಜಾಸ್ತಿ ಇರಬೇಕು. ಬರುವ ಎಣ್ಣೆಯೆಲ್ಲ ಈಗಲೇ ಬಂದುಬಿಡಲಿ ಎಂಬುದು ಲೆಕ್ಕ.

ಬಾಗಿಲು ತೆಗೆದಾಗ ಕವೆಯ ಬುಡದಲ್ಲಿ ಸುತ್ತಲೂ ಒಂದು ಕಂದು ಉಂಗುರ. ಕಾಡಿಗೆ ತೀಡಿದ ಹಾಗೆ ಸಣ್ಣಗೆ, ಹೊಳೆಯುತ್ತಾ. ಆರು ತಿಂಗಳ ಹಿಂದೆ ನನ್ನ ಲೇಪನವನ್ನು ಎಬ್ಬಿಸಿದ್ದು ಇದೇ. ಅಷ್ಟು ದಿನ ಊಹೆಯಾಗಿದ್ದದ್ದು ಕಣ್ಣೆದುರು ಕೂತಿತ್ತು. ಒಂದು ಕ್ಷಣ ಕೈಗವಸು ಹಾಕಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತುಬಿಟ್ಟೆ.

ತಣಿದ ಮೇಲೆ ಮತ್ತೆ ಅಸಿಟೋನ್‌ನಲ್ಲಿ ಮುಳುಗಿಸಿದೆ, ಮತ್ತೆ ಒಲೆ. ಎರಡನೇ ಸಲ ಉಂಗುರ ಅರ್ಧಕ್ಕೆ ಬಂತು, ಒಂದು ಬದಿಯಲ್ಲಿ ಮಾತ್ರ. ಮೂರನೇ ಸಲ ಒಂದು ಚುಕ್ಕೆ. ನಾಲ್ಕನೇ ಸಲ ಏನೂ ಇಲ್ಲ. ಟಿಶ್ಯೂ ಒತ್ತಿದರೂ ಕಲೆ ಇಲ್ಲ. ಪೂರ್ತಿ ಒಂದು ದಿನ ಇದಕ್ಕೇ ಹೋಯಿತು. ಅವ್ವ ಎರಡು ಸಲ ಹಿತ್ತಲಿಗೆ ಬಂದು, "ಬಣ್ಣ ಹಚ್ಚಾಕ ಇಷ್ಟೊತ್ತು ಬೇಕೇನೋ?" ಅಂದಳು. ಬಣ್ಣ ಇನ್ನೂ ಬಾಟಲಿಯಲ್ಲೇ ಇದೆ ಅಂದೆ.

ನೀರಿನ ಪರೀಕ್ಷೆಯೂ ಮಾಡಿದೆ. ಶುದ್ಧ ಕಬ್ಬಿಣದ ಮೇಲೆ ನೀರು ಹಾಳೆಯಂತೆ ಹರಡುತ್ತದೆ. ಎಣ್ಣೆ ಇದ್ದರೆ ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ನಿಲ್ಲುತ್ತದೆ. ಇದು ಬಹಳ ಹಳೆಯ ಪರೀಕ್ಷೆ, ಖರ್ಚಿಲ್ಲದ್ದು. ಮಾಡಿದ ಕೂಡಲೇ ಬಿಸಿ ಗಾಳಿ ಹಿಡಿದು ಒಣಗಿಸಬೇಕು.

ಕೊನೆಯ ಬ್ಲಾಸ್ಟಿಂಗ್‌ಗೆ ಮತ್ತೆ ತಾರಿಹಾಳ. ಈ ಸಲ ವಾಪಸ್ ತರಲು ಎರಡೂ ತುದಿಗೆ ಮುಚ್ಚಳ ಇರುವ ನಾಲ್ಕಿಂಚಿನ ಪಿವಿಸಿ ಪೈಪು ಒಯ್ದಿದ್ದೆ, ಒಳಗೆ ಹೊಸ ಬಟರ್ ಪೇಪರ್ ಮತ್ತು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು. ಅಸಿಟೋನ್ ಸಂಪೂರ್ಣ ಆರಿದ ಒಣ ಕಬ್ಬಿಣಕ್ಕೆ ಪಿವಿಸಿ ಪೈಪಿನಿಂದ ಏನೂ ತೊಂದರೆ ಇಲ್ಲ. ಬರಿಗೈಯಿಂದ ಯಾರೂ ಮುಟ್ಟಲಿಲ್ಲ. ಬೆರಳಿನ ಒಂದು ಗುರುತು ಸಾಕು, ಮುಂದೆ ಆ ಜಾಗದಲ್ಲೇ ಲೇಪನ ಏಳಬಹುದು.

ಉಳಿದ ಬದಲಾವಣೆಗಳು ಸಣ್ಣವು. ಕಂಪ್ರೆಸರ್ ಟ್ಯಾಂಕು ಖಾಲಿ ಮಾಡಿ, ಸ್ಪ್ರೇ ಗನ್ನಿನ ಹತ್ತಿರವೇ ನೀರು ಹಿಡಿಯುವ ಫಿಲ್ಟರ್ ಹಾಕಿದೆ. ಒಲೆಗೆ ಸಣ್ಣ ಫ್ಯಾನ್ ಕೂಡಿಸಿದೆ, ಮೋಟರ್ ಹೊರಗೆ, ರೆಕ್ಕೆ ಒಳಗೆ. ಸೆನ್ಸರನ್ನು ಒಲೆಯ ಗಾಳಿಯಲ್ಲಿ ಬಿಡದೆ ಕಬ್ಬಿಣಕ್ಕೇ ಕಟ್ಟಿದೆ, ಅದೂ ಕೆಳಗಿನ ತುದಿಗೆ. ಎರಡು ತಾಸು ಎಣಿಸಬೇಕಾದ್ದು ಕಬ್ಬಿಣ 121 ಮುಟ್ಟಿದ ಮೇಲೆ, ಒಲೆ ಮುಟ್ಟಿದಾಗಿನಿಂದ ಅಲ್ಲ. ದಪ್ಪ ಕವೆ ಬಿಸಿಯಾಗಲು ತೆಳು ನಳಿಗೆಗಿಂತ ಬಹಳ ಹೊತ್ತು ಹಿಡಿಯುತ್ತದೆ.

ಲೇಪನ ತಾಗಬಾರದ ಜಾಗಗಳನ್ನು ಮುಚ್ಚಲು ಸಿಲಿಕೋನ್ ಬೆಣೆಗಳನ್ನು ಬಳಸಿದೆ, ಬೇಯಿಸುವಾಗಲೂ ಅವು ತಡೆಯುತ್ತವೆ. ನಳಿಗೆಯ ಎರಡೂ ತುದಿ, ಗಾಳಿ ಕೊಳವೆಯ ಬಾಯಿ, ಕವೆಯ ಒಳಗೋಡೆ ಎಲ್ಲ ಮುಚ್ಚಿದೆ. ಮೊದಲ ಸಲ ಕವೆಯ ಒಳಗೋಡೆಗೂ ಲೇಪನ ಹೋಗಿ, ನಳಿಗೆ ಮಡಚುವಾಗ ಕಿರಿಕಿರಿ ಅನ್ನುತ್ತಿತ್ತು. ಒಂದು ಬದಿಗೆ 25 ಮೈಕ್ರಾನ್ ಅಂದರೆ ಎರಡು ಬದಿಗೆ 50. ಹೊಂದಿ ಕೂತು ಜಾರಬೇಕಾದ ಜಾಗದಲ್ಲಿ ಅದು ಸಣ್ಣ ಅಳತೆ ಅಲ್ಲ.

ಮುಖಕ್ಕೆ ಆವಿ ತಡೆಯುವ ಇದ್ದಿಲಿನ ಮಾಸ್ಕ್ ಹಾಕಿದೆ. ಕರವಸ್ತ್ರ ಕಟ್ಟಿಕೊಂಡು ಈ ಕೆಲಸಕ್ಕೆ ಯಾರೂ ಕೈಹಾಕಬೇಡಿ. ಗೇಣಿಗಿಂತ ಸ್ವಲ್ಪ ಕಡಿಮೆ ದೂರದಿಂದ, ಕಡಿಮೆ ಒತ್ತಡದಲ್ಲಿ, ಮೊದಲು ಮೂಲೆಗಳಿಗೆ, ಆಮೇಲೆ ಉದ್ದಕ್ಕೆ ಹೊಡೆದೆ. ಹಸಿ ಹೊಳಪು ಕಾಣಿಸಿದ ಕೂಡಲೇ ಕೈ ಮುಂದಕ್ಕೆ. ಹೊಡೆಯುವುದು ಹತ್ತು ನಿಮಿಷದಲ್ಲಿ ಮುಗಿಯಿತು. ತಯಾರಿಗೆ ಹೋದದ್ದು ಮೂರು ದಿನ.

ಒಂದು ಮಳೆಗಾಲ ಕಳೆದ ಮೇಲೆ

2025ರ ಮಳೆಗಾಲ ಪೂರ್ತಿ ಬಂದೂಕನ್ನು ಬಟ್ಟೆ ಸುತ್ತದೆ, ಎಣ್ಣೆಯನ್ನೂ ಹಚ್ಚದೆ, ಗೋಡೆಗೆ ತೂಗುಹಾಕಿದ್ದೆ. ಹದಿನೈದು ದಿನಕ್ಕೊಮ್ಮೆ ಕವೆಯ ಬುಡವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಕ್ಟೋಬರ್ ಬಂದರೂ ಉಬ್ಬಿಲ್ಲ, ತೂತಿಲ್ಲ. ಅಸಿಟೋನ್ ಹತ್ತಿ ತುದಿಯಲ್ಲೂ ಬೆಳ್ಳಗೇ ಉಳಿಯಿತು. ಒಳಗಿನ ಪಿಸ್ಟನ್, ಸ್ಪ್ರಿಂಗ್‌ಗಳಿಗೆ ಮಾತ್ರ ಎಂದಿನಂತೆ ಎಣ್ಣೆ ಬೇಕು, ಅದನ್ನು ಲೇಪನ ತಪ್ಪಿಸುವುದಿಲ್ಲ.

ಪೂರ್ತಿ ಗೆದ್ದೆ ಅನ್ನಲಾರೆ. ಮಡಚುವ ತೋಳು ಉಜ್ಜುವ ಜಾಗದಲ್ಲಿ ಲೇಪನ ಸವೆದು ಬೆರಳಗಲದ ಬೆಳ್ಳಿ ಗೆರೆ ಬಿದ್ದಿದೆ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ, ಯಾವ ಲೇಪನವೂ ಅಲ್ಲಿ ಬಹಳ ದಿನ ನಿಲ್ಲದು. ಮತ್ತೆ ವಿಭೂತಿಯ ಗುಳಿಗಳು. ಈ ಲೇಪನ ತೆಳು, ಗುಳಿ ತುಂಬುವುದಿಲ್ಲ. ಗುಳಿ ಹೋಗುವವರೆಗೆ ನಳಿಗೆಯನ್ನು ತಿಕ್ಕಲು ನನಗೆ ಮನಸ್ಸಾಗಲಿಲ್ಲ. ಓರೆ ಬೆಳಕಿನಲ್ಲಿ ಹಿಡಿದರೆ ಮೂರು ಬೆರಳಿನ ಗುರುತು ಕಪ್ಪಿನ ಕೆಳಗೆ ಈಗಲೂ ಕಾಣುತ್ತದೆ. 2025ರ ಮಹಾನವಮಿಗೂ ಅವ್ವ ಅದೇ ಜಾಗಕ್ಕೆ ವಿಭೂತಿ ಹಚ್ಚಿದಳು. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು.

ಆ ಹಬ್ಬಕ್ಕೆ ಕಲಘಟಗಿ ಕಡೆಯಿಂದ ಸೋದರಮಾವ ಬಂದಿದ್ದರು. ಅವರ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇರುವ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕಿದೆ. ಗೋವಿನಜೋಳದ ಹೊಲ, ಕಾಡುಹಂದಿ ಕಾಟ. ಅದರ ನಳಿಗೆಯೂ ಮಳೆಗೆ ಕೆಂಪಾಗಿದೆ. "ನನ್ನದಕ್ಕೂ ಇದನ್ನ ಹೊಡದು ಕೊಡು" ಅಂದರು. ಕೈ ತುರಿಸಿದ್ದು ನಿಜ, ಆದರೂ ಆಗುವುದಿಲ್ಲ ಅಂದೆ.

ಅವರಿಗೆ ಬೇಸರವಾಯಿತು. ಕೂರಿಸಿ ಹೇಳಿದೆ. ನನಗೆ ರಿಪೇರಿ ಲೈಸೆನ್ಸ್ ಇಲ್ಲ. ಆ ಬಂದೂಕು ನನ್ನ ಹಿತ್ತಲಲ್ಲಿ ಮೂರು ದಿನ ಬಿಚ್ಚಿಕೊಂಡು ಬಿದ್ದಿದ್ದರೆ ಅವರಿಗೂ ತೊಂದರೆ, ನನಗೂ ತೊಂದರೆ. ಇನ್ನೊಂದು ವಿಷಯ ಅವರಿಗೆ ಹೊಸದು. ಬಂದೂಕಿನ ಮೇಲೆ ಒತ್ತಿದ ನಂಬರನ್ನು ಅಳಿಸುವುದು, ತಿದ್ದುವುದು ಅದೇ ಕಾಯ್ದೆಯ 8ನೇ ಕಲಂ ಪ್ರಕಾರ ಅಪರಾಧ. ಹಳೆಯ ಬಂದೂಕಿನಲ್ಲಿ ನಂಬರು ಮೊದಲೇ ಸವೆದಿರುತ್ತದೆ. ಗೊತ್ತಿಲ್ಲದ ಕೈ ಬ್ಲಾಸ್ಟಿಂಗ್ ಮಾಡಿದರೆ ಎರಡು ಅಂಕಿ ಹೋಗಲು ಅರ್ಧ ನಿಮಿಷ ಸಾಕು. ಆಮೇಲೆ ನವೀಕರಣಕ್ಕೆ ಹೋದಾಗ ಪುಸ್ತಕದ ನಂಬರು ಒಂದು, ಬಂದೂಕಿನದು ಇನ್ನೊಂದು.

ಲೈಸೆನ್ಸ್ ಇರುವ ಅಂಗಡಿಗೆ, ಲೈಸೆನ್ಸ್ ಪುಸ್ತಕ ಹಿಡಿದು, ತಾವೇ ಬಂದೂಕಿನ ಜೊತೆ ಹೋಗಲು ಹೇಳಿದೆ. ಅಲ್ಲಿ ಕೇಳಬೇಕಾದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನಂಬರಿನ ಜಾಗಕ್ಕೆ ಬ್ಲಾಸ್ಟಿಂಗ್ ಮುಟ್ಟಿಸಬೇಡಿ. ನಳಿಗೆಯ ಒಳಗೆ ಲೇಪನ ಬೇಡ. ಮದ್ದು ಕೂರುವ ಕೋಣೆಯಲ್ಲಂತೂ ಬೇಡವೇ ಬೇಡ. ಲೇಪನಕ್ಕೆ ಮೊದಲು ಬರೀ ಕಬ್ಬಿಣವನ್ನು ಒಮ್ಮೆ ಬಿಸಿ ಮಾಡಿ, ಎಣ್ಣೆ ಬರುತ್ತದಾ ನೋಡಿ.

ಮಾವ ಚೀಟಿಯನ್ನು ಓದಿ, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಗೋವಿನಜೋಳದ ಕಟಾವು ಮುಗಿದ ಮೇಲೆ ಹೋಗುತ್ತೇನೆ ಅಂದರು. ಅಲ್ಲಿಯವರೆಗೆ ನಳಿಗೆಗೆ ತೆಳ್ಳಗೆ ಎಣ್ಣೆ ಸವರಿಡಲು ಹೇಳಿ, ನನ್ನ ಡಬ್ಬಿಯನ್ನೇ ಕೊಟ್ಟು ಕಳಿಸಿದೆ.